ಟೀವಿಯ ಬೆನ್ನ ಹಿಂದೆ

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ನಮ್ಮ ಮನೆಯ ಟೀವಿ ಹಿಂದೆ ಒಂದು ಜೀರೋ ಬಲ್ಬು ಇತ್ತು. ಹೆಸರಿಗೆ ಜೀರೋ, ನುಂಗುತ್ತಿದ್ದುದು 15 ವ್ಯಾಟ್. ಚಿತ್ರಮಂಜರಿ ಶುರುವಾಗುವ ಹೊತ್ತಿಗೆ ನಾವು ಟ್ಯೂಬ್‌ಲೈಟ್ ಆರಿಸಿದರೆ ಅಮ್ಮ ಒಳಗಿನಿಂದ ಬಂದು ಆ ಬಲ್ಬಿನ ಸ್ವಿಚ್ ಒತ್ತಿ ಹೋಗುತ್ತಿದ್ದಳು. ‘ಕತ್ತಲಲ್ಲಿ ಟೀವಿ ನೋಡಿದ್ರೆ ಕಣ್ಣು ಹಾಳಾಗತ್ತೆ’ ಎನ್ನುವುದು ಅವಳ ವಾದ. ಹಾಳಾಗುವುದಿಲ್ಲ, ದಣಿಯುತ್ತದೆ. ಕೋಣೆ ಕತ್ತಲಾಗಿದ್ದರೆ ಕಣ್ಣಿನ ಪಾಪೆ ಅಗಲವಾಗುತ್ತದೆ, ಪರದೆಯ ಮೇಲೆ ಬಿಸಿಲಿನ ದೃಶ್ಯ ಬಂದೊಡನೆ ಕಿರಿದಾಗುತ್ತದೆ, ಮತ್ತೆ ರಾತ್ರಿಯ ದೃಶ್ಯ ಬಂದರೆ ಮತ್ತೆ ಅಗಲ. ಹಿಂದಿನ ಗೋಡೆ ಸ್ವಲ್ಪ ಬೆಳಗಿದ್ದರೆ ಈ ಕಸರತ್ತು ತಗ್ಗುತ್ತದೆ. ಜೊತೆಗೆ ಪರದೆಯ ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುತ್ತದೆ.

ಅಮ್ಮನ ಉಪಾಯ ಅಮ್ಮನೊಬ್ಬಳದೇ ಅಲ್ಲ. ಅಮೆರಿಕದ ಸಿಲ್ವೇನಿಯಾ ಕಂಪನಿ 1950ರ ದಶಕದಲ್ಲೇ ಪರದೆಯ ಸುತ್ತ ಬಿಳಿ ಬೆಳಕಿನ ಚೌಕಟ್ಟು ಕೂರಿಸಿ ‘ಹ್ಯಾಲೋಲೈಟ್’ ಎಂಬ ಟೀವಿ ಮಾರಿತ್ತು. 2004ರಲ್ಲಿ ಫಿಲಿಪ್ಸ್ ‘ಆಂಬಿಲೈಟ್’ ತಂದು ಆ ಬೆಳಕಿಗೆ ಬಣ್ಣ ಕೊಟ್ಟಿತು. ಪರದೆಯ ಅಂಚಿನಲ್ಲಿ ಯಾವ ಬಣ್ಣವಿದೆಯೋ ಹಿಂದಿನ ಗೋಡೆಯಲ್ಲೂ ಅದೇ.

ಇದನ್ನು ಎಲ್ಲೋ ನೋಡಿ ಬಂದ ಮಗಳು, ‘ಅಪ್ಪಾ, ಹೊಸ ಟೀವಿ ಬೇಡ, ನಮ್ಮ 55 ಇಂಚಿಂದಕ್ಕೇ ಮಾಡೋಣ’ ಎಂದಳು. ದಸರಾ ರಜೆ. ಇಬ್ಬರೂ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋದೆವು. ಬೇಕಿದ್ದದ್ದು ಮೀಟರಿಗೆ 60 ದೀಪಗಳಿರುವ, 5 ವೋಲ್ಟಿನ ಎಲ್‌ಇಡಿ ಪಟ್ಟಿ. ಮೇಲಂಚು, ಎಡ, ಬಲ ಸೇರಿ ಎರಡೂವರೆ ಮೀಟರಿಗೆ ತುಸು ಹೆಚ್ಚು. ಸುಮಾರು 155 ದೀಪ. ಕೆಳಗೆ ಹೇಗೂ ಶೋಕೇಸಿನ ಹಲಗೆ. ‘ಪೂರಾ ಬಿಳಿ ಉರಿಸ್ತೀರಾ ಸಾರ್? ಹಾಗಾದ್ರೆ ಹತ್ತು ಆಂಪಿಯರ್ ಸಪ್ಲೈ ತಗೊಳ್ಳಿ’ ಎಂದ ಅಂಗಡಿಯವನು. ದೊಡ್ಡದನ್ನು ಮಾರಲು ನೋಡುತ್ತಿದ್ದಾನೆ ಅಂದುಕೊಂಡೆ. ಮಗಳು ಮೊಬೈಲಿನಲ್ಲಿ ಗುಣಿಸಿ ತೋರಿಸಿದಳು. ಒಂದು ದೀಪ ಪೂರ್ತಿ ಬಿಳಿಯಾಗಿ ಉರಿದರೆ 60 ಮಿಲಿ ಆಂಪಿಯರ್, 155ಕ್ಕೆ ಒಂಬತ್ತು ಆಂಪಿಯರ್ ದಾಟುತ್ತದೆ. ಸುಮ್ಮನೆ ದುಡ್ಡು ಕೊಟ್ಟೆ.

ಈ ಪಟ್ಟಿಯ ಸೊಗಸು ಅದರ ಒಳಗಿದೆ. 155 ದೀಪಗಳಿಗೆ ಬಣ್ಣದ ಸುದ್ದಿ ಹೋಗುವುದು ಒಂದೇ ಒಂದು ತಂತಿಯಲ್ಲಿ. ಪಂಕ್ತಿಯಲ್ಲಿ ಎಲೆ ಹಾಕುವಾಗ ಮೊದಲು ಕೂತವರು ಮೇಲಿನ ಎಲೆ ತಾವಿಟ್ಟುಕೊಂಡು ಉಳಿದ ಕಟ್ಟನ್ನು ಪಕ್ಕಕ್ಕೆ ದಾಟಿಸುತ್ತಾರಲ್ಲ, ಹಾಗೆ. ಪ್ರತಿ ದೀಪದ ಹೊಟ್ಟೆಯಲ್ಲೂ ಒಂದು ಚೂರು ಚಿಪ್ ಇದೆ. ಬಂದ ಸುದ್ದಿಯಲ್ಲಿ ಮೊದಲ 24 ಬಿಟ್‌ಗಳನ್ನು, ಅಂದರೆ ಕೆಂಪು, ಹಸಿರು, ನೀಲಿಗೆ ಎಂಟೆಂಟು, ತಾನು ಇಟ್ಟುಕೊಂಡು ಮಿಕ್ಕದ್ದನ್ನು ಮುಂದಕ್ಕೆ ಕಳಿಸುತ್ತದೆ. ನಡುವೆ ಒಬ್ಬ ನಿದ್ದೆ ಹೋದರೆ ಆಚೆಯವರಿಗೆಲ್ಲ ಎಲೆ ಇಲ್ಲ. ನಮ್ಮ ಎಡಮೂಲೆಯಲ್ಲಿ ಆದದ್ದು ಅದಕ್ಕಿಂತ ಪೆದ್ದುತನದ್ದು. ಮೂಲೆ ತಿರುಗಿಸಲೆಂದು ಪಟ್ಟಿ ಕತ್ತರಿಸಿ, ಮೂರು ತಂತಿ ಬೆಸುಗೆ ಹಾಕಿ, ಪಟ್ಟಿಯ ಮೇಲಿನ ಬಾಣದ ಗುರುತು ನೋಡದೆ ತಲೆಕೆಳಗಾಗಿ ಅಂಟಿಸಿದ್ದೆ. ಊಟದ ಸಾಲಿನ ಕೊನೆಯಿಂದ ಎಲೆ ಕೊಟ್ಟರೆ ಯಾರು ತಗೊಳ್ಳುತ್ತಾರೆ?

ಬಾಣ ಸರಿಯಾಯಿತು. ಎಲ್ಲವನ್ನೂ ಬಿಳಿಯಾಗಿ ಉರಿಸಿದೆವು. ಆರಂಭದ ದೀಪಗಳು ಹಾಲಿನಂತೆ, ಮೇಲಂಚಿನ ನಡುವೆ ಕೆನೆಯಂತೆ, ಕೊನೆಯ ಹತ್ತಿಪ್ಪತ್ತು ಮಾತ್ರ ಕಾಮಾಲೆ ಹಿಡಿದಂತೆ ಹಳದಿ. ಪಟ್ಟಿಯೊಳಗಿನ ತಾಮ್ರ ತೆಳು; ಉದ್ದಕ್ಕೂ ಹೋಗುತ್ತ ವೋಲ್ಟೇಜ್ ಸೋರಿಹೋಗುತ್ತದೆ. ಕೆಂಪು ದೀಪಕ್ಕೆ ಎರಡು ವೋಲ್ಟ್ ಆಸುಪಾಸು ಸಾಕು, ನೀಲಿಗೆ ಮೂರರ ಮೇಲೆ ಬೇಕು. ಹಾಗಾಗಿ ಮೊದಲು ಸೊರಗುವುದು ನೀಲಿ, ಬಿಳಿಯಿಂದ ನೀಲಿ ಕಳೆದರೆ ಉಳಿಯುವುದು ಹಳದಿ. ಕಾಲುವೆಯ ಕೊನೇ ಭಾಗದ ರೈತರ ಕಥೆಯೇ. ಪರಿಹಾರವೂ ಅಲ್ಲಿ ರೈತರು ಕೇಳುವಂಥದ್ದೇ: ಸಪ್ಲೈಯಿಂದ ಎರಡು ದಪ್ಪ ತಂತಿ ನೇರವಾಗಿ ಆ ತುದಿಗೂ ಎಳೆದೆವು. ಆ ಗಳಿಗೆಯಲ್ಲಿ ಬಲಬದಿಯ ಗೋಡೆ ಹಳದಿಯಿಂದ ಬೆಳ್ಳಗಾದದ್ದು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು.

ಚಿತ್ರದ ಬಣ್ಣ ಓದುವ ಕೆಲಸ ಮಗಳದು. ಸೆಟ್‌ಟಾಪ್ ಬಾಕ್ಸಿನ ಕೇಬಲ್ಲನ್ನು ಕವಲೊಡೆಸಿ ಒಂದನ್ನು ಟೀವಿಗೆ, ಇನ್ನೊಂದನ್ನು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಕೊಟ್ಟಳು. ಅದರಲ್ಲಿ ಹೈಪೀರಿಯನ್ ಎಂಬ ಉಚಿತ ತಂತ್ರಾಂಶ ಅಂಚಿನ ಬಣ್ಣಗಳನ್ನು ಹೆಕ್ಕಿ ದೀಪಗಳಿಗೆ ಕಳಿಸುತ್ತದೆ. ಒಂದು ತೊಡಕು ಆಮೇಲೆ ತಿಳಿಯಿತು. ಟೀವಿಯ ಒಳಗೇ ಇರುವ ಯೂಟ್ಯೂಬ್ ಹಾಕಿದರೆ ಗೋಡೆ ಮಂಕು. ಆ ಚಿತ್ರ ಹುಟ್ಟುವುದೇ ಟೀವಿಯ ಒಳಗೆ, ಕೇಬಲ್ಲಿನಲ್ಲಿ ಬರುವುದೇ ಇಲ್ಲ. ಇನ್ನೊಂದು, ನಮ್ಮ ಗೋಡೆಗೆ ಗೃಹಪ್ರವೇಶದಲ್ಲಿ ಹೊಡೆಸಿದ್ದು ತೆಳು ಹಳದಿ. ಪರದೆಯ ಮೇಲೆ ನೀಲಿ ಕಡಲು, ಗೋಡೆಯ ಮೇಲೆ ಪಾಚಿಗಟ್ಟಿದ ಕಲ್ಯಾಣಿ. ಮಗಳು ನೀಲಿಯನ್ನು ಹೆಚ್ಚಿಸಿ, ಹಸಿರನ್ನು ತಗ್ಗಿಸಿ ಅರ್ಧ ಭಾನುವಾರ ಕಳೆದಳು.

ಅಮ್ಮ ಮೊದಲು ನೋಡಿದ್ದು ನ್ಯೂಸ್ ಚಾನೆಲ್. ಬ್ರೇಕಿಂಗ್ ನ್ಯೂಸಿನ ಕೆಂಪಿಗೆ ಇಡೀ ಹಾಲ್ ಕೆಂಪಾಯಿತು. ‘ಏನೋ ಇದು, ಮನೆಗೆ ಬೆಂಕಿ ಬಿದ್ದ ಹಾಗಿದೆ’ ಎಂದು ಎದ್ದು ಹೋದಳು. ಸೀರಿಯಲ್ಲಿನಲ್ಲಿ ಅತ್ತೆಯ ಮುಖವನ್ನು ಮೂರು ಸಲ ತೋರಿಸುವಾಗ ಸೀರೆಯ ಬಣ್ಣ ಗೋಡೆಯ ಮೇಲೂ ಮೂರು ಸಲ ಹಾರುತ್ತಿತ್ತು. ಅದೂ ಅವಳಿಗೆ ಹಿಡಿಸಲಿಲ್ಲ. ಪೊರೆಯ ಆಪರೇಷನ್ ಆದ ಕಣ್ಣು, ಬಲವಂತ ಮಾಡುವಂತಿರಲಿಲ್ಲ.

ಒಂದು ಮಧ್ಯಾಹ್ನ, ಮಳೆ ಮೋಡ ಕವಿದು ಹಾಲ್ ಕತ್ತಲಾಗಿದ್ದಾಗ, ಯಾವುದೋ ಚಾನೆಲ್ಲಿನಲ್ಲಿ ‘ಬೆಳ್ಳಿಮೋಡ’ ಬಂತು. 1967ರ ಕಪ್ಪು ಬಿಳುಪು ಚಿತ್ರ. ಎರಡೂ ಬದಿ ಕರಿ ಪಟ್ಟಿ ಬಿಟ್ಟು ಚಿತ್ರ ನಡುವೆ ನಿಂತಿತ್ತು. ಆ ಪಟ್ಟಿಗಳನ್ನು ಲೆಕ್ಕದಿಂದ ಬಿಡುವಂತೆ ಮಗಳು ಹೈಪೀರಿಯನ್ನಿನಲ್ಲಿ ಏನೋ ಗುರುತು ಹಾಕಿದಳು. ಗೋಡೆಯ ಮೇಲೆ ಬಣ್ಣವೇ ಇಲ್ಲ. ಬರೀ ಬಿಳಿ, ದೃಶ್ಯಕ್ಕೆ ತಕ್ಕಂತೆ ಸ್ವಲ್ಪ ಏರುತ್ತ ಸ್ವಲ್ಪ ಇಳಿಯುತ್ತ. ನಾಯಕಿ ಕಲ್ಪನಾ ಪರದೆಯ ಮೇಲಿದ್ದಷ್ಟು ಹೊತ್ತೂ ಅಮ್ಮ ಕದಲಲಿಲ್ಲ. ಮುಗಿದ ಮೇಲೆ, ‘ಇದು ಚೆನ್ನಾಗಿದೆ. ಸೀರಿಯಲ್ಲಿಗೂ ಇದನ್ನೇ ಇಡು’ ಎಂದಳು.

ಮಗಳು ಒಂದು ಗುಂಡಿ ಮಾಡಿಕೊಟ್ಟಿದ್ದಾಳೆ. ಒತ್ತಿದರೆ ಅಲುಗದ ಬಿಳಿ, ಸ್ಟುಡಿಯೋದವರು ಬಳಸುವ 6500 ಕೆಲ್ವಿನ್ನಿನದು, ಪರದೆಯ ಬೆಳಕಿನ ಹತ್ತನೇ ಒಂದು ಪಾಲಿನಷ್ಟು. ಅಮ್ಮ ಅದನ್ನು ‘ಜೀರೋ ಬಲ್ಬು’ ಎನ್ನುತ್ತಾಳೆ. ಎಷ್ಟು ಖರ್ಚಾಯಿತೆಂದು ಕೇಳಿದ್ದಳು, ಅರ್ಧ ಹೇಳಿದ್ದೇನೆ. ಕ್ರಿಕೆಟ್ ಇದ್ದ ದಿನ ಮಾತ್ರ ಗೋಡೆ ಹಸಿರಾಗುತ್ತದೆ. ಮೊನ್ನೆ ಸೆಕೆಗೆ ಬಲಮೂಲೆಯ ಅಂಟು ಬಿಟ್ಟು ಪಟ್ಟಿ ಜೋತುಬಿದ್ದಿದೆ. ಭಾನುವಾರ ಟೀವಿ ಇಳಿಸಬೇಕು. ಆ ಕಡೆ ಹಿಡಿದುಕೊಳ್ಳಲು ಯಾರಾದರೂ ಸಿಕ್ಕಬೇಕು.