ಕಾರಿನ ಸ್ಟೀರಿಯೊ ಮತ್ತು ಶಬ್ದದ ನೆಲೆ

ಕಾರಿನ ಸ್ಟೀರಿಯೊದಿಂದ ಒಳ್ಳೆಯ ಧ್ವನಿ ಪಡೆಯುವುದೆಂದರೆ ಏನು ಎಂಬ ಪ್ರಶ್ನೆ ಅಂಗಡಿಯಲ್ಲಿ ಸ್ಪೀಕರ್ ಕೂಡಿಸಿದಲ್ಲಿಗೆ ಮುಗಿಯುವುದಿಲ್ಲ. ಮೂಲಕ್ಕೆ ನಿಷ್ಠವಾದದ್ದೇ ಒಳ್ಳೆಯದು ಎಂದರೆ, ಮೂಲ ಯಾವುದೆಂದು ಹೇಳಬೇಕಾಗುತ್ತದೆ: ಹಾಡಿದವರ ಕೊರಳೋ, ಮೈಕು ಹಿಡಿದಿಟ್ಟದ್ದೋ, ಗಾಳಿಯಲ್ಲಿ ಹರಿದದ್ದೋ, ಕಿವಿ ಪಡೆದದ್ದೋ? ಕಲಬುರಗಿಯ ಸುತ್ತಲಿನ ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಕಡಕೋಳ ಮಡಿವಾಳಪ್ಪನವರ ತತ್ವಪದ, ಗಾಣಗಾಪುರದ ದತ್ತ ಭಜನೆ, ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸಿಗೆ ಹೊರಟವರ ಕವ್ವಾಲಿ, ಇವೆಲ್ಲ ಇಂದು ವಾಹನದೊಳಗಿನ ಸ್ಪೀಕರಿನಿಂದಲೂ ಕೇಳಿಬರುತ್ತವೆ. ಕೇಳುವುದನ್ನೇ ಸಾಧನೆಯ ದಾರಿಯೆಂದು ನಂಬಿದ ಪರಂಪರೆಗಳಿವು. ಆದ್ದರಿಂದ ಶಬ್ದ ಎಲ್ಲಿದೆ, ಹೇಗಿದೆ ಎಂದು ಹಿಂದಿನವರು ನಡೆಸಿದ ವಾದಗಳನ್ನು ಇಲ್ಲಿ ಮತ್ತೆ ತೆರೆಯುವುದು ತಕ್ಕದ್ದೇ.

ನ್ಯಾಯ ಮತ್ತು ವೈಶೇಷಿಕ ದರ್ಶನಗಳ ಪ್ರಕಾರ ಶಬ್ದ ಆಕಾಶದ ಗುಣ. ಅದು ಹುಟ್ಟುತ್ತದೆ, ತನ್ನಂಥದೇ ಇನ್ನೊಂದನ್ನು ಹುಟ್ಟಿಸಿ ಅಳಿಯುತ್ತದೆ. ಅಲೆಯ ಬೆನ್ನಿಗೆ ಅಲೆ ಏಳುವ ಈ ಕ್ರಮಕ್ಕೆ ವೀಚೀತರಂಗ ನ್ಯಾಯವೆಂದೂ, ಎಲ್ಲ ದಿಕ್ಕಿಗೂ ಒಮ್ಮೆಲೇ ಹೊಮ್ಮುವ ಕ್ರಮಕ್ಕೆ ಕದಂಬಮುಕುಲ ನ್ಯಾಯವೆಂದೂ ಹೆಸರು. ಇದನ್ನು ಒಪ್ಪಿದರೆ ಕೇಳುವವನಿಗೆ ದಕ್ಕುವುದು ಏಕತಾರಿಯ ತಂತಿಯಲ್ಲಿ ಹುಟ್ಟಿದ ಶಬ್ದವಲ್ಲ, ಆ ಸಂತತಿಯ ಕೊನೆಯ ಕುಡಿ. ಕಾರಿನಲ್ಲಿ ಈ ಮಾತನ್ನು ಅಳತೆಪಟ್ಟಿ ಹಿಡಿದೇ ಪರೀಕ್ಷಿಸಬಹುದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎಂದರೆ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ 34 ಸೆಂಟಿಮೀಟರ್. ಬಲಗಡೆ ಕೂತ ಚಾಲಕನ ಕಿವಿಗೆ ಬಲ ಬಾಗಿಲಿನ ಸ್ಪೀಕರ್ 80 ಸೆಂಟಿಮೀಟರ್ ದೂರವಿದ್ದು ಎಡದ್ದು 130 ಸೆಂಟಿಮೀಟರ್ ಇದ್ದರೆ, ಬಲದ ಧ್ವನಿ ಸುಮಾರು ಒಂದೂವರೆ ಮಿಲಿಸೆಕೆಂಡ್ ಮೊದಲೇ ಮುಟ್ಟುತ್ತದೆ. ಮೊದಲು ಬಂದ ಕಡೆಯೇ ಧ್ವನಿಯ ಮೂಲವೆಂದು ಮನಸ್ಸು ತೀರ್ಮಾನಿಸುವುದರಿಂದ, ಎದುರಿಗೆ ಕೂತಂತೆ ಕೇಳಬೇಕಾದ ಹಾಡುಗಾರ ಬಲ ಬಾಗಿಲಿಗೆ ಸರಿದುಬಿಡುತ್ತಾನೆ. ಪ್ರೊಸೆಸರಿನ ಟೈಮ್ ಅಲೈನ್‌ಮೆಂಟಿನಲ್ಲಿ ಬಲದ ಸ್ಪೀಕರನ್ನು ಅಷ್ಟೇ ತಡಮಾಡಿದರೆ ಅವನು ಮತ್ತೆ ನಡುವಿಗೆ ಬರುತ್ತಾನೆ. ಆದರೆ ಚಾಲಕನಿಗೆ ಸರಿಯಾದದ್ದು ಪಕ್ಕದ ಸೀಟಿನವರಿಗೆ ಇನ್ನಷ್ಟು ತಪ್ಪುತ್ತದೆ. ಒಂದೇ ಹಾಡು ಎರಡು ಸೀಟುಗಳಲ್ಲಿ ಎರಡು ಶಬ್ದಗಳಾಗಿರುತ್ತದೆ. ಎಲ್ಲರ ಕಿವಿಗೂ ಒಂದೇ ಆದ ನಿಷ್ಠ ಧ್ವನಿ ಕಾರಿನಲ್ಲಿ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು.

ಶಬ್ದ ಗುಣವಲ್ಲ, ದ್ರವ್ಯ ಎಂದವರು ಜೈನರು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇದೇ ನಿಲುವನ್ನು ಕನ್ನಡ ವ್ಯಾಕರಣದ ಬುಡಕ್ಕಿಟ್ಟ: ಜೀವನ ಇಚ್ಛೆಯಿಂದ, ಅನುಕೂಲವಾದ ಗಾಳಿಯಿಂದ, ನಾಭಿಯ ಮೂಲದಲ್ಲಿ ಕಹಳೆಯ ಆಕಾರದಲ್ಲಿ ಬಿಳಿಯ ಶಬ್ದದ್ರವ್ಯ ಹುಟ್ಟುತ್ತದೆ ಎಂಬುದು ಅವನ ಮತ. ಬಿಳಿಯ ಬಣ್ಣದ ಮಾತು ಹಾಗಿರಲಿ. ಶಬ್ದಕ್ಕೆ ತಡೆಯುಂಟು, ಅದು ತಾಗುತ್ತದೆ, ದೊಡ್ಡ ಶಬ್ದ ಸಣ್ಣದನ್ನು ಅಡಗಿಸುತ್ತದೆ, ಆದ್ದರಿಂದ ಅದು ಪುದ್ಗಲ, ಎಂದರೆ ಭೌತದ್ರವ್ಯ, ಎಂಬ ಜೈನರ ವಾದ ಬಹಳ ಗಟ್ಟಿ. ಬಾಸ್ ಏರಿಸಿದೊಡನೆ ನಂಬರ್ ಪ್ಲೇಟು ಗಡಗಡಿಸುವುದನ್ನು ಕಂಡವರಿಗೆ ಇದರಲ್ಲಿ ಅನುಮಾನ ಬರುವುದಿಲ್ಲ.

ಸ್ಟೀರಿಯೊದ ಕೆಲಸಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು ಮೀಮಾಂಸಕರ ಮಾತು. ಅವರಿಗೆ ಶಬ್ದ ನಿತ್ಯ. ಉಚ್ಚಾರಣೆ ಅದನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ವ್ಯಕ್ತಗೊಳಿಸುತ್ತದೆ. ಬಾಯಿಂದ ಹೊರಟ ಗಾಳಿ ಅಲುಗದೆ ನಿಂತ ಗಾಳಿಯನ್ನು ಸರಿಸುತ್ತದೆ, ಆಗ ಶಬ್ದ ತೋರುತ್ತದೆ ಎಂದು ಅವರ ಭಾಷ್ಯಕಾರ ಶಬರಸ್ವಾಮಿ ವಿವರಿಸಿದ. ಆವರಣ ತೆಗೆಯುವುದೇ ಕೆಲಸ. ಕಾರಿನ ಬಾಗಿಲನ್ನು ಬಿಚ್ಚಿ ನೋಡಿದರೆ ಈ ವಿವರಣೆಯ ಬೆಲೆ ತಿಳಿಯುತ್ತದೆ. ಪ್ಲಾಸ್ಟಿಕ್ ಟ್ರಿಮ್ ತೆಗೆದರೆ ಒಳತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳು. ಅವಕ್ಕೆ ತೆಳ್ಳಗಿನ ಹಾಳೆಯೊಂದೇ ಮುಚ್ಚಳ. ಸ್ಪೀಕರಿನ ಕೋನ್ ಮುಂದೆ ಗಾಳಿಯನ್ನು ಒತ್ತುವಾಗ ಹಿಂದೆ ಸೆಳೆಯುತ್ತದೆ. ಹಿಂದಿನ ಅಲೆ ಆ ತೂತುಗಳಿಂದ ಒಳಬಂದು ಮುಂದಿನ ಅಲೆಯನ್ನು ಕಡಿಯುತ್ತದೆ; ಡಗ್ಗಾದ ಪೆಟ್ಟು, ತಂಬೂರಿಯ ತಳಶ್ರುತಿ ಬಾಗಿಲಲ್ಲೇ ಸಾಯುತ್ತವೆ. ಬ್ಯೂಟೈಲ್ ಡ್ಯಾಂಪಿಂಗ್ ಶೀಟನ್ನು ಹೊರತಗಡಿಗೆ ರೋಲರಿನಿಂದ ಒತ್ತಿ ಅಂಟಿಸಿ, ಒಳತಗಡಿನ ತೂತುಗಳನ್ನು ಭದ್ರವಾಗಿ ಮುಚ್ಚಿ, ಸ್ಪೀಕರನ್ನು ಗಟ್ಟಿ ರಿಂಗಿನ ಮೇಲೆ ಸಂದಿಲ್ಲದಂತೆ ಕೂಡಿಸಿದರೆ, ಹಳೆಯ ಸ್ಪೀಕರಿನಲ್ಲೇ ಅದುವರೆಗೆ ಕೇಳದಿದ್ದ ಬಾಸ್ ಬರುತ್ತದೆ. ಹೊಸದೇನನ್ನೂ ಸೇರಿಸಿಲ್ಲ. ಹೊಸ ಸ್ಪೀಕರಿಗೆ ಹಣ ಸುರಿಯುವ ಮುನ್ನ ಮಾಡಬೇಕಾದ ಕೆಲಸ ಇದು.

ಜೇವರ್ಗಿಯ ಕಡೆಯಿಂದ ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟಿ ಕಲಬುರಗಿಗೆ ಹೋಗುವ ಹೆದ್ದಾರಿಯಲ್ಲಾಗಲಿ, ಎರೆಹೊಲಗಳ ನಡುವಿನ ಒರಟು ರಸ್ತೆಯಲ್ಲಾಗಲಿ, ಟೈರಿನ ಮೊರೆತ ಹೆಚ್ಚಾಗಿ ಕೆಳಸ್ವರಗಳನ್ನೇ ನುಂಗುತ್ತದೆ. ಅದೂ ಒಂದು ಆವರಣ. ಕಿಟಕಿ ಏರಿಸಿ ವೇಗ ತಗ್ಗಿಸುವುದು ಅದಕ್ಕೆ ಖರ್ಚಿಲ್ಲದ ಪರಿಹಾರ.

ಆದರೆ ಮರೆಯಾದದ್ದನ್ನು ತೋರಿಸುವುದು ಬೇರೆ, ಇಲ್ಲದ್ದನ್ನು ಸೇರಿಸುವುದು ಬೇರೆ. ಈ ಗೆರೆಯನ್ನು ಎಳೆಯಲು ‘ವಾಕ್ಯಪದೀಯ’ದ ಭರ್ತೃಹರಿ ಬೇಕು. ಅವನು ಅರ್ಥ ಹೊಳೆಯಿಸುವ ಸ್ಫೋಟವನ್ನು ಧ್ವನಿಯಿಂದ ಬೇರೆಮಾಡಿದ. ಧ್ವನಿಯಲ್ಲೂ ಪ್ರಾಕೃತ, ವೈಕೃತ ಎಂದು ಎರಡು ಬಗೆ ಹೇಳಿದ. ಪದದ ರೂಪವನ್ನು ತೋರಿಸುವುದು ಪ್ರಾಕೃತ. ಹಾಡು ನಿಧಾನವೋ ಚುರುಕೋ ಎಂಬಂಥ ವೃತ್ತಿಭೇದಗಳು ವೈಕೃತಕ್ಕೆ ಸೇರಿದವು. ಅವುಗಳಿಂದ ಪದ ಬೇರೆಯಾಗುವುದಿಲ್ಲ. ವಾಲ್ಯೂಮನ್ನೂ ಇದೇ ಲೆಕ್ಕಕ್ಕೆ ಹಿಡಿದರೆ, ಅದನ್ನು ಏರಿಸುವುದರಲ್ಲಿ ತಾನಾಗಿ ತಪ್ಪಿಲ್ಲ. ತಪ್ಪು ಆಗುವುದು ಎರಡು ಕಡೆ. ಕಾರಿನ ಸಣ್ಣ ಪೆಟ್ಟಿಗೆಯಲ್ಲಿ ತೀರ ಕೆಳಗಿನ ಸ್ವರಗಳು ತಾವೇ ಉಬ್ಬುತ್ತವೆ. ಅದರ ಮೇಲೆ ಬಾಸ್ ಬೂಸ್ಟ್ ಹಾಕಿದರೆ ಮಾತು ಮುಚ್ಚಿಹೋಗುತ್ತದೆ. ವ್ಯಂಜನಗಳನ್ನು ಬಿಡಿಸಿ ಕೇಳಿಸುವ ಅಂಶ ಹೆಚ್ಚಾಗಿ 1000ದಿಂದ 4000 ಹರ್ಟ್ಸ್ ನಡುವೆ ಇರುತ್ತದೆ, ತತ್ವಪದದ ಜೀವವಿರುವುದೂ ಅಲ್ಲೇ. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿದ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪ, ಅವರ ಶಿಷ್ಯ ಚನ್ನೂರ ಜಲಾಲಸಾಹೇಬ ಮುಂತಾದವರು ಪದ ಕಟ್ಟಿದ್ದು ತಿಳಿಯಲೆಂದು; ನಾದ ಅದಕ್ಕೆ ವಾಹನ. ಎರಡನೆಯ ತಪ್ಪು ಆಂಪ್ಲಿಫೈಯರಿನ ಗೇನನ್ನು ಮಿತಿ ಮೀರಿ ತಿರುಗಿಸುವುದು. ಆಗ ಅಲೆಯ ನೆತ್ತಿ ಕತ್ತರಿಸಿಹೋಗಿ, ಹಾಡಿದವರ ಕೊರಳಲ್ಲಿ ಎಂದೂ ಇರದ ಕರ್ಕಶ ಸ್ವರಗಳು ಹುಟ್ಟುತ್ತವೆ. ಇದು ವೈಕೃತದ ಎಲ್ಲೆಯನ್ನೂ ದಾಟಿದ್ದು. ಸಂತರ ಪದಕ್ಕೆ ಹೀಗೆ ಸುಳ್ಳು ಕೂಡಿಸುವುದು, ಮೆಲ್ಲಗೆ ಕೇಳಿಸುವುದಕ್ಕಿಂತ ದೊಡ್ಡ ಕುಂದು.

ಕೇಳುವವನ ಕಡೆಯ ನಿಯಮಗಳನ್ನು ಸೂಫಿಗಳಷ್ಟು ಸ್ಪಷ್ಟವಾಗಿ ಹೇಳಿದವರು ಕಡಿಮೆ. 1422ರಲ್ಲಿ ತೀರಿಕೊಂಡ ಕಲಬುರಗಿಯ ಖ್ವಾಜಾ ಬಂದೇನವಾಜರು ಚಿಶ್ತಿ ಪಂಥದವರು. ಸಮಾ, ಅಂದರೆ ಭಕ್ತಿಗಾನದ ಶ್ರವಣ, ಆ ಪಂಥದ ಮುಖ್ಯ ಸಾಧನೆ. ಸಮಾಕ್ಕೆ ಕಾಲ, ಸ್ಥಳ, ಜೊತೆಗಾರರು ಎಂಬ ಮೂರೂ ಕೂಡಿಬರಬೇಕೆಂಬ ಮಾತು ಬಗ್ದಾದಿನ ಜುನೈದರ ಹೆಸರಿನಲ್ಲಿ ಬಂದಿದೆ. ಕಾರಿನಲ್ಲಿ ಈ ಮೂರೂ ಸುಲಭವಲ್ಲ. ಚಾಲಕನ ಗಮನ ರಸ್ತೆಯ ಮೇಲಿರಬೇಕು, ಇರಲೇಬೇಕು. ಹೀಗಾಗಿ ಪೂರ್ಣ ಶ್ರವಣ ಸಿಗುವುದು ಹಿಂದೆ ಕೂತವರಿಗೆ; ಧ್ವನಿಯನ್ನು ಚಾಲಕನ ಸೀಟಿಗೆ ಹೊಂದಿಸುವ ರೂಢಿಯನ್ನು ಭಕ್ತಿಗಾನದ ಮಟ್ಟಿಗೆ ಮರುವಿಚಾರ ಮಾಡಬೇಕಾದದ್ದು ಈ ಕಾರಣಕ್ಕೆ.

ಉಳಿದದ್ದು ಪಾರಾಯಣ ಮತ್ತು ಮಂತ್ರದ ಪ್ರಶ್ನೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ನೆಲೆಸಿದ ನರಸಿಂಹ ಸರಸ್ವತಿಯವರ ಚರಿತ್ರೆ ‘ಗುರುಚರಿತ್ರೆ’. ಅದನ್ನು ಮರಾಠಿಯಲ್ಲಿ ಬರೆದ ಸರಸ್ವತಿ ಗಂಗಾಧರ, ಆ ಗುರುಗಳ ಶಿಷ್ಯನಾದ ಆಳಂದ ತಾಲ್ಲೂಕಿನ ಕಡಗಂಚಿಯ ಸಾಯಂದೇವನ ವಂಶದವನೆಂದು ಪರಂಪರೆ ಹೇಳುತ್ತದೆ. ದಾರಿಯುದ್ದಕ್ಕೂ ಅದರ ಧ್ವನಿಮುದ್ರಣ ಕೇಳಿದರೆ ಪಾರಾಯಣವಾದಂತೆಯೇ? ವೇದಾಂತದಲ್ಲಿ ಶ್ರವಣವೆಂದರೆ ಸದ್ದು ಕಿವಿಗೆ ಬೀಳುವುದಲ್ಲ, ವಾಕ್ಯದ ತಾತ್ಪರ್ಯವನ್ನು ನಿಶ್ಚಯಿಸುವುದು. ಪಾರಾಯಣದಲ್ಲಿ ಓದುವವನ ನಾಲಿಗೆಯೂ ನಿಯಮವೂ ಸೇರಿರುತ್ತವೆ; ಮುದ್ರಣದಲ್ಲಿ ಅವು ಇಲ್ಲ. ಆದರೂ ಅದು ನಿಷ್ಫಲವಲ್ಲ: ಅರ್ಥವಾಗದ ಸಾಲನ್ನು ಅದೇ ಸ್ವರದಲ್ಲಿ ಮತ್ತೆ ಮತ್ತೆ ಕೇಳುವ ಅನುಕೂಲ ಮನನಕ್ಕೆ ನೆರವಾಗುತ್ತದೆ. ದೀಕ್ಷೆಯ ಮಾತು ಬೇರೆ. ವೀರಶೈವ ದೀಕ್ಷೆಯಲ್ಲಿ ಗುರು ಶಿಷ್ಯನ ತಲೆಯ ಮೇಲೆ ಕೈಯಿಟ್ಟು ಪಂಚಾಕ್ಷರಿಯನ್ನು ಕಿವಿಯಲ್ಲಿ ಉಸುರುತ್ತಾನೆ. ಒಬ್ಬರ ಕಿವಿಗಷ್ಟೇ ಎಂದು ಹೇಳಿದ ಶಬ್ದ ಅದು. ಎಲ್ಲರಿಗೂ ಕೇಳಿಸಲೆಂದೇ ಮಾಡಿದ ಯಂತ್ರಕ್ಕೆ ಅಲ್ಲಿ ಪ್ರವೇಶವಿಲ್ಲ.