ಇಂದಿನ ಧಮ್ಮ ಚಿಂತನೆ: ಸಹನೆಯೂ ಸಂಬಳವೂ



ಇವತ್ತಿನ ಚಿಂತನೆ ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ. ಬಸ್ಸಿನಲ್ಲಿ ಓದುವವರು ಹೋಗುವಾಗ ಅರ್ಧ, ಬರುವಾಗ ಅರ್ಧ ಓದಿಕೊಳ್ಳಿ. ಕೆಲಸ ಹುಡುಕುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಅವರಿಗೂ ಕಳಿಸಿ.

ಕಳೆದ ಭಾನುವಾರ ಧ್ಯಾನ ಮುಗಿದು ಎಲ್ಲರೂ ಚಾಪೆ ಸುತ್ತಿಡುತ್ತಿದ್ದಾಗ ಒಬ್ಬ ತಾಯಿ ನನ್ನ ಪಕ್ಕ ಬಂದು ಕೂತರು. ಅವರ ಮಗ ಹತ್ತನೇ ತರಗತಿಯವರೆಗೆ ನನ್ನ ವಿದ್ಯಾರ್ಥಿ. ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಶಿವಾಜಿನಗರದಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ. ಬೆಳಿಗ್ಗೆ ಹತ್ತಕ್ಕೆ ಹೋದರೆ ಮನೆಗೆ ಬರುವುದು ರಾತ್ರಿ ಹತ್ತೂವರೆಗೆ. ಎರಡು ತಿಂಗಳ ಸಂಬಳ ಬಾಕಿ. ಕೇಳಿದರೆ ‘ಹಬ್ಬದ ವ್ಯಾಪಾರ ಆಗ್ಲಿ’ ಅಂತಾರಂತೆ. ಮ್ಯಾನೇಜರು ಗಿರಾಕಿಗಳ ಎದುರಿಗೇ ಬಾಯಿಗೆ ಬಂದಂತೆ ಬಯ್ಯುತ್ತಾರಂತೆ.

ಎಲ್ಲ ಹೇಳಿ ಆ ತಾಯಿ ಕೇಳಿದ್ದು ಇಷ್ಟೇ: “ಮಿಸ್, ಖಂತಿ ಖಂತಿ ಅಂತ ಪಾಠ ಮಾಡ್ತೀರಲ್ಲ. ಇದನ್ನೂ ಸಹಿಸ್ಕೋ ಅಂತ ಅವನಿಗೆ ಹೇಳ್ಬೇಕಾ?”

‘ಹೌದಮ್ಮ, ಸಹನೆ ದೊಡ್ಡ ಪಾರಮಿ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಲಾಗಲಿಲ್ಲ. ಯಾಕೆ ಅಂತ ಬಳಗಕ್ಕೆ ತಿಳಿಸಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ.

ಎಂ.ಎ. ಮುಗಿಸಿದ ಹೊಸದರಲ್ಲಿ, ಈಗಿನ ಶಾಲೆಗೆ ಬರುವುದಕ್ಕೆ ಮುಂಚೆ, ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ತಿಂಗಳ ಕೊನೆಗೆ ರಿಜಿಸ್ಟರಿನಲ್ಲಿ ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ ಹಾಕುತ್ತಿದ್ದದ್ದು 6,500 ರೂಪಾಯಿಗೆ. ಕವರಿನಲ್ಲಿ ಇರುತ್ತಿದ್ದದ್ದು 2,800. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ನಮಗಿಂತ ಚಿಕ್ಕವಳಾದ ವಿಜ್ಞಾನದ ಟೀಚರ್ ಒಬ್ಬಳು ಒಂದು ಮನವಿ ಪತ್ರ ಬರೆದು, ಹನ್ನೊಂದು ಜನವೂ ಸಹಿ ಹಾಕೋಣ ಎಂದು ಸ್ಟಾಫ್ ರೂಮಿನಲ್ಲಿ ತೋರಿಸಿದಳು. ನಾನು ಅದನ್ನು ಪೂರ್ತಿ ಓದಿದೆ. ಎರಡು ಕಾಗುಣಿತದ ತಪ್ಪು ತಿದ್ದಿದೆ. ಸಹಿ ಹಾಕದೆ ವಾಪಸ್ ಕೊಟ್ಟೆ.

ಮುಂದಿನ ತಿಂಗಳು ಅವಳು ಆ ಶಾಲೆಯಲ್ಲಿ ಇರಲಿಲ್ಲ.

ಮನೆ ಬಾಡಿಗೆ, ಅಪ್ಪನ ಔಷಧಿ, ಕಾರಣಗಳೆಲ್ಲ ನಿಜವೇ. ಹೆದರಿದ್ದಕ್ಕೆ ನನ್ನನ್ನು ನಾನು ಅಷ್ಟೇನೂ ಬಯ್ದುಕೊಳ್ಳುವುದಿಲ್ಲ. ಆದರೆ ಆ ಹೆದರಿಕೆಗೆ ‘ಸಹನೆ’ ಎಂದು ಹೆಸರಿಟ್ಟುಕೊಂಡು ಎಷ್ಟೋ ವರ್ಷ ನೆಮ್ಮದಿಯಾಗಿ ಇದ್ದೆನಲ್ಲ, ಅದು ತಪ್ಪು. ಖಂತಿ ಎಂದರೆ ಕೋಪಕ್ಕೆ ಮನಸ್ಸಿನಲ್ಲಿ ಜಾಗ ಕೊಡದಿರುವುದು. ಅನ್ಯಾಯ ಕಂಡಾಗ ಬಾಯಿ ಮುಚ್ಚಿಕೊಳ್ಳುವುದಕ್ಕೆ ಆ ಹೆಸರು ಸಲ್ಲುವುದಿಲ್ಲ.

ಆ ತಾಯಿಯ ಮನೆಯ ಹೆದರಿಕೆಗೂ ಒಂದು ಇತಿಹಾಸವಿದೆ. ಹುಡುಗನ ತಾತ ಕೆ.ಜಿ.ಎಫ್. ಗಣಿಯಲ್ಲಿದ್ದವರು. 1880ರಲ್ಲಿ ಬ್ರಿಟಿಷ್ ಕಂಪನಿ ಶುರುಮಾಡಿದ ಗಣಿಗಾರಿಕೆ 2001ರ ಫೆಬ್ರವರಿ 28ಕ್ಕೆ ನಿಂತುಹೋಯಿತು. ಮೂರು ನಾಲ್ಕು ತಲೆಮಾರು ಬೇರೆ ಕೆಲಸವೇ ಗೊತ್ತಿಲ್ಲದೆ ಬದುಕಿದ್ದ ಮನೆಗಳು ಒಂದೇ ದಿನಕ್ಕೆ ಬರಿಗೈಯಾದವು. ಆಮೇಲೆ ಶುರುವಾದದ್ದು ರೈಲಿನ ಬದುಕು. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಲ್ಲಿ ಹತ್ತಿ, ಕೆ.ಆರ್. ಪುರಂನಲ್ಲೋ ಕಂಟೋನ್ಮೆಂಟಿನಲ್ಲೋ ಇಳಿದು, ಕೆಲಸ ಮುಗಿಸಿ ರಾತ್ರಿ ಅದೇ ದಾರಿಯಲ್ಲಿ ವಾಪಸ್. ಹುಡುಗನ ಅಪ್ಪ ಹೀಗೆ ಒಂಬತ್ತು ವರ್ಷ ಓಡಾಡಿ ಕೊನೆಗೆ ಇಲ್ಲೇ ಮನೆ ಮಾಡಿದರು. ಅಂಥ ಮನೆಯಲ್ಲಿ ‘ಇರೋ ಕೆಲಸ ಬಿಡ್ಬೇಡ’ ಎನ್ನುವುದು ಬುದ್ಧಿಮಾತಲ್ಲ, ಗಾಯ.

ಅದೇ ಕೆ.ಜಿ.ಎಫ್. ನಮಗೆ ಇನ್ನೊಂದನ್ನೂ ಕೊಟ್ಟಿದೆ. ನಮ್ಮ ಹಿರಿಯರಲ್ಲಿ ಕೆಲವರ ಮನೆಗೆ ಧಮ್ಮ ಬಂದದ್ದು 1956ರ ನಾಗಪುರದಿಂದಲ್ಲ, ಅದಕ್ಕೂ ಮೊದಲು, ಆ ಗಣಿಗಳಿಂದ. 1898ರಲ್ಲಿ ಅಯೋತಿದಾಸ ಪಂಡಿತರು ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಕಡೆಯ ಕೂಲಿ ಜನ ಅದರ ಶಾಖೆಗಳನ್ನು ನಡೆಸಿದರು. ಹಗಲೆಲ್ಲ ಭೂಮಿಯ ಒಳಗೆ ದುಡಿದು ಬಂದವರು ಬುದ್ಧನನ್ನು ಓದಿದ್ದು ಸುಮ್ಮನಿರುವುದನ್ನು ಕಲಿಯುವುದಕ್ಕಲ್ಲ.

ಈಗ ಸುತ್ತಕ್ಕೆ ಬರೋಣ. ದೀಘ ನಿಕಾಯದ ಸಿಗಾಲೋವಾದ ಸುತ್ತದಲ್ಲಿ ಭಗವಾನರು ಗೃಹಸ್ಥನ ಆರು ದಿಕ್ಕುಗಳನ್ನು ಹೇಳುತ್ತಾರೆ. ಕೆಳಗಿನ ದಿಕ್ಕು ಕೆಲಸದವರದು. ಅಲ್ಲಿ ಮೊದಲು ಬರುವುದು ಧಣಿ ಮಾಡಬೇಕಾದದ್ದು: ಶಕ್ತಿಗೆ ತಕ್ಕ ಕೆಲಸ ಹಂಚಬೇಕು, ಊಟ ಮತ್ತು ಕೂಲಿ ಕೊಡಬೇಕು, ಕಾಯಿಲೆಯಾದಾಗ ನೋಡಿಕೊಳ್ಳಬೇಕು, ವಿಶೇಷವಾದ ತಿನಿಸು ಮಾಡಿದಾಗ ಹಂಚಿಕೊಳ್ಳಬೇಕು, ಹೊತ್ತುಹೊತ್ತಿಗೆ ಬಿಡುವು ಕೊಡಬೇಕು. ಆಮೇಲೆ ಕೆಲಸದವನು ಮಾಡಬೇಕಾದದ್ದು: ಧಣಿಗಿಂತ ಮೊದಲು ಏಳುವುದು, ಆಮೇಲೆ ಮಲಗುವುದು, ಕೊಟ್ಟದ್ದನ್ನಷ್ಟೇ ತೆಗೆದುಕೊಳ್ಳುವುದು, ಕೆಲಸ ಚೆನ್ನಾಗಿ ಮಾಡುವುದು, ಧಣಿಯ ಬಗ್ಗೆ ಒಳ್ಳೆಯ ಮಾತಾಡುವುದು. ನಾವು ಈ ಎರಡನೆಯ ಪಟ್ಟಿಯನ್ನು ಮಾತ್ರ ಮಕ್ಕಳಿಗೆ ಉಪದೇಶ ಮಾಡುತ್ತೇವೆ. ಮೊದಲನೆಯದು ಧಣಿಗಳಿಗೆ ಎಂದುಕೊಂಡು ಬಿಟ್ಟುಬಿಡುತ್ತೇವೆ. (ಮನೆಗೆಲಸಕ್ಕೆ ಜನ ಇಟ್ಟುಕೊಂಡವರು ಈ ಬಳಗದಲ್ಲಿ ಎಷ್ಟು ಮಂದಿ? ನಾನೂ ಒಬ್ಬಳು. ಅವರಿಗೆ ವಾರಕ್ಕೊಂದು ರಜೆ ಕೊಟ್ಟಿದ್ದೇವಾ?)

ಹಾಗಾದರೆ ಬೈಗುಳಕ್ಕೆ ಏನು ಮಾಡುವುದು? ರಾಜಗೃಹದಲ್ಲಿ ಒಬ್ಬ ಬ್ರಾಹ್ಮಣ ಬಂದು ಭಗವಾನರನ್ನು ಬಯ್ದ ಕಥೆ ನಮಗೆಲ್ಲ ಗೊತ್ತು. ಮನೆಗೆ ಬಂದ ನೆಂಟರು ನೀನು ಬಡಿಸಿದ್ದನ್ನು ಮುಟ್ಟದಿದ್ದರೆ ಅದು ಯಾರದು ಎಂದು ಅವರು ಕೇಳುತ್ತಾರೆ. ಅವನದೇ ಆಗಿ ಉಳಿಯುತ್ತದೆ. ಬೈಗುಳವೂ ಹಾಗೇ. ಮ್ಯಾನೇಜರ್ ಬಡಿಸಿದ್ದನ್ನು ಉಣ್ಣಬೇಕಾಗಿಲ್ಲ. ಆದರೆ ಸಂಬಳ ಬಡಿಸಿದ ಊಟವಲ್ಲ, ದುಡಿದ ಸಾಲ. ಅದನ್ನು ಕೇಳಿ ತೆಗೆದುಕೊಳ್ಳಬೇಕು.

ಹೇಗೆ ಕೇಳಬೇಕು ಎನ್ನುವುದಕ್ಕೆ ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತ ಇದೆ. ಅಭಯನ ತೊಡೆಯ ಮೇಲೆ ಮಗು ಮಲಗಿತ್ತು. ಮಗು ಕಲ್ಲು ನುಂಗಿದರೆ ಏನು ಮಾಡುತ್ತೀಯ ಎಂದು ಭಗವಾನರು ಕೇಳಿದರು. ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ, ಯಾಕೆಂದರೆ ಮಗುವಿನ ಮೇಲೆ ಕರುಣೆ ಇದೆ ಎಂದ ಅಭಯ. ಮಾತೂ ಅಷ್ಟೇ. ನಿಜವಾಗಿದ್ದು, ಹಿತವಾಗಿದ್ದು, ಕೇಳುವವರಿಗೆ ಇಷ್ಟವಾಗದಿದ್ದರೂ, ಹೊತ್ತು ನೋಡಿ ಹೇಳಬೇಕು. ಕಹಿಯಾದ್ದರಿಂದ ಹೇಳಲೇಬಾರದು ಎಂದು ಅವರು ಹೇಳಲಿಲ್ಲ.

ಬಾಬಾಸಾಹೇಬರನ್ನೂ ನೆನೆಯೋಣ. ಅಮೆರಿಕ, ಲಂಡನ್ನುಗಳಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಜವಾನರು ಕಡತಗಳನ್ನು ದೂರದಿಂದ ಅವರ ಮೇಜಿನ ಮೇಲೆ ಎಸೆಯುತ್ತಿದ್ದರು. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಬಂದು ಅವರನ್ನು ಹೊರಡಿಸಿದರು. ಅವರು ಆ ಕೆಲಸ ಬಿಟ್ಟರು. ಮರುವರ್ಷ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲೂ ನೀರಿನ ಮಡಕೆಯ ವಿಷಯಕ್ಕೆ ಸಹೋದ್ಯೋಗಿಗಳ ತಕರಾರು. ಈ ಸಲ ಅವರು ಕೆಲಸ ಬಿಡಲಿಲ್ಲ. ಪಾಠ ಮಾಡಿದರು, ಸಂಬಳದಲ್ಲಿ ಹಣ ಉಳಿಸಿದರು, 1920ರಲ್ಲಿ ಓದು ಮುಗಿಸಲು ಲಂಡನ್ನಿಗೆ ಹೊರಟರು. ಒಂದು ಕಡೆ ಬಿಟ್ಟರು, ಇನ್ನೊಂದು ಕಡೆ ಉಳಿದರು. ಎರಡು ಕಡೆಯೂ ಮುಂದಿನ ದಾರಿ ಮಾತ್ರ ಕಣ್ಣ ಮುಂದೆಯೇ ಇತ್ತು. 1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯನ್ನು ನೋಡಿಕೊಂಡವರು ಇವರೇ.

ಸರಿ, ಆ ಸಂಜೆ ಹುಡುಗನನ್ನು ಕರೆಸಿದೆ. ರಸೆಲ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುತ್ತ ಮಾತಾಡಿದೆವು. ‘ನಾಳೆ ಹೋಗಿ ಕೆಲಸ ಮುಖದ ಮೇಲೆ ಎಸೆದು ಬರ್ತೀನಿ ಮಿಸ್’ ಎಂದ. ಬೇಡ ಎಂದೆ. ಕೋಪದಲ್ಲಿ ಬಿಟ್ಟರೆ ಬಾಕಿ ಸಂಬಳ, ಅನುಭವ ಪತ್ರ ಎರಡಕ್ಕೂ ಅಲೆಯಬೇಕಾಗುತ್ತದೆ. ಮೊದಲು ದಾಖಲೆ. ಯಾವ ದಿನ ಎಷ್ಟು ಗಂಟೆ ಕೆಲಸ ಮಾಡಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದೆ. ಮ್ಯಾನೇಜರ್ ಕಳಿಸಿದ ಡ್ಯೂಟಿ ಮೆಸೇಜುಗಳ ಸ್ಕ್ರೀನ್‌ಶಾಟ್, ಹಿಂದೆ ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಒಂದು ಕಡೆ ಇಡಿಸಿದೆ. ಪಿ.ಎಫ್. ಎಂದು ಹಣ ಹಿಡಿಯುತ್ತಿದ್ದರೆ ಅದು ನಿಜವಾಗಿ ಕಟ್ಟಿದ್ದಾರಾ ಎಂದು ಯು.ಎ.ಎನ್. ನಂಬರಿನಿಂದ ನೋಡಬಹುದು. ಅವನಿಗೆ ಆ ನಂಬರು ಇರುವುದೇ ಗೊತ್ತಿರಲಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು, ಹೆಚ್ಚಿಗೆ ದುಡಿಸಿದರೆ ಎರಡರಷ್ಟು ಕೂಲಿ ಎಂದಿತು. ಇದನ್ನು ಕೇಳಿ ನಕ್ಕುಬಿಟ್ಟ.

ಆಮೇಲೆ ಪತ್ರ. ಅವನು ಬರೆದು ತಂದದ್ದರಲ್ಲಿ ‘ಅಮಾನುಷ’, ‘ಶೋಷಣೆ’ ಎಲ್ಲ ಇತ್ತು. ನಿಜವೇ. ಆದರೆ ನಾಲ್ಕು ಸಾಲು ಉಳಿಸಿ ಮಿಕ್ಕಿದ್ದು ಹೊಡೆದುಹಾಕಿದೆ. ಯಾವ ಎರಡು ತಿಂಗಳು, ಎಷ್ಟು ಹಣ, ಯಾವ ದಿನಾಂಕದೊಳಗೆ ಕೊಡಬೇಕು, ವಂದನೆಗಳು. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ನಮಗೆ ಒಂದು ಬಸ್ಸಿನ ದೂರ. ಜೊತೆಗೆ ನಾನೂ ಬರುತ್ತೇನೆ ಎಂದೆ. ಕಲ್ಯಾಣಮಿತ್ರ ಎಂದರೆ ಒಳ್ಳೆಯ ಮಾತು ಫಾರ್ವರ್ಡ್ ಮಾಡುವವರು ಮಾತ್ರ ಅಲ್ಲವಲ್ಲ.

ಕಲ್ಯಾಣಮಿತ್ರ ಎಂದಾಗ ದೀಘಜಾಣು ನೆನಪಾಗುತ್ತಾನೆ. ಅಂಗುತ್ತರ ನಿಕಾಯದಲ್ಲಿ ಬರುವ ಈ ಕೋಲಿಯ ಗೃಹಸ್ಥ ಭಗವಾನರ ಬಳಿ ಸಂಕೋಚವಿಲ್ಲದೆ ಹೇಳುತ್ತಾನೆ: ನಾವು ಹೆಂಡತಿ ಮಕ್ಕಳ ಗದ್ದಲದಲ್ಲಿ ಮಲಗುವವರು, ಗಂಧ ಪೂಸಿಕೊಳ್ಳುವವರು, ಹಣ ಮುಟ್ಟುವವರು, ನಮಗೆ ತಕ್ಕ ಉಪದೇಶ ಕೊಡಿ. ಭಗವಾನರು ‘ಮೊದಲು ಹಣ ಬಿಡು’ ಎನ್ನಲಿಲ್ಲ. ನಾಲ್ಕು ಹೇಳಿದರು: ಕಸುಬಿನಲ್ಲಿ ಕುಶಲತೆ ಮತ್ತು ಶ್ರಮ, ನ್ಯಾಯವಾಗಿ ಗಳಿಸಿದ್ದರ ಕಾವಲು, ಒಳ್ಳೆಯವರ ಸಂಗ, ಆದಾಯ ನೋಡಿ ಖರ್ಚು. ಕುಶಲತೆ ಎಂದಾಗ ಕೆಲಸವನ್ನು ಹೇಗೆ ಮಾಡಬೇಕೆಂದು ಯೋಚಿಸುವ ಬುದ್ಧಿಯನ್ನೂ ಸೇರಿಸಿದರು. ನಮ್ಮ ಹುಡುಗನಿಗೆ ಬಿಲ್ಲಿಂಗ್ ಬರುತ್ತದೆ, ಟ್ಯಾಲಿ ಅರ್ಧ ಬರುತ್ತದೆ, ಜಿ.ಎಸ್.ಟಿ. ರಿಟರ್ನ್ ಬರುವುದಿಲ್ಲ. ಮಿಕ್ಕ ಅರ್ಧ ಕಲಿಯದೆ ಐವತ್ತು ಕಡೆ ಬಯೋಡೇಟಾ ಕಳಿಸಿದ್ದ. ಅದರಲ್ಲಿ ‘ಟ್ಯಾಲಿಯಲ್ಲಿ ಪರಿಣತ’ ಎಂದು ಬೇರೆ ಬರೆದಿದ್ದ. ತೆಗೆಸಿದೆ. ಮುಸಾವಾದ ಎಂಬ ಕಾರಣಕ್ಕೆ ಒಂದು, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ ಎಂಬ ಕಾರಣಕ್ಕೆ ಇನ್ನೊಂದು. ‘ಹಳೆ ಕೆಲಸ ಯಾಕೆ ಬಿಡ್ತಿದೀರಿ’ ಎಂದು ಕೇಳಿದರೆ ಹಳೆಯ ಮ್ಯಾನೇಜರನ್ನು ಬಯ್ಯಬೇಡ, ಲೆಕ್ಕಪತ್ರದ ಕೆಲಸ ಬೇಕು ಎನ್ನು, ಅದೂ ನಿಜವೇ ಎಂದೆ.

ಕಾವಲಿನ ಮಾತು ಆಗಲೇ ಬೇಕಾಯಿತು. ಅವನ ಫೋನಿನಲ್ಲಿ ಒಂದು ಮೆಸೇಜ್ ಇತ್ತು: ಕಾಂಬೋಡಿಯಾದಲ್ಲಿ ಡೇಟಾ ಎಂಟ್ರಿ, ತಿಂಗಳಿಗೆ 80,000, ವೀಸಾ ಖರ್ಚಿಗೆ ಮುಂಗಡ ಕಳಿಸಿ. ಹೀಗೆ ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಹೋದ ನೂರಾರು ಭಾರತೀಯ ಮಕ್ಕಳ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು, ಕೂಡಿಹಾಕಿ, ನಮ್ಮಂಥವರಿಗೇ ಮೋಸದ ಫೋನ್ ಮಾಡಿಸಿದ್ದಾರೆ. ಉಪಾಸಕರು ಮಾಡಬಾರದು ಎಂದ ಐದು ವ್ಯಾಪಾರಗಳಲ್ಲಿ ಮನುಷ್ಯರ ವ್ಯಾಪಾರವೂ ಒಂದು. ಅದು ಈಗ ಹೀಗೆ ಮೆಸೇಜಾಗಿ ಬರುತ್ತದೆ. ಕೆಲಸ ಕೊಡಲು ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಹೊರದೇಶದ ಏಜೆಂಟರು ನೋಂದಾಯಿತರೇ ಎಂದು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಪತ್ರವನ್ನು ಸೋಮವಾರ ಕೊಟ್ಟ. ಗುರುವಾರ ಒಂದು ತಿಂಗಳ ಸಂಬಳ ಖಾತೆಗೆ ಬಂತು. ಇನ್ನೊಂದು ತಿಂಗಳದು ಇನ್ನೂ ಇಲ್ಲ. ಮ್ಯಾನೇಜರ್ ಬಯ್ಯುವುದು ನಿಲ್ಲಿಸಿದ್ದಾರೆ, ಮಾತಾಡುವುದನ್ನೂ ನಿಲ್ಲಿಸಿದ್ದಾರೆ. ಆ ತಾಯಿಗೆ ಈಗಲೂ ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ನಿನ್ನೆ ಫೋನಿನಲ್ಲಿ ಹೇಳಿದರು.

ಆ ವಿಜ್ಞಾನದ ಟೀಚರ್ ನಂಬರನ್ನು ಹಳೆಯ ಸ್ನೇಹಿತೆಯೊಬ್ಬರಿಂದ ಪಡೆದೆ. ಇದನ್ನು ಗುಂಪಿಗೆ ಹಾಕುವ ಮೊದಲು ಅವರಿಗೇ ಕಳಿಸಿ, ಕ್ಷಮೆ ಕೇಳಿದ್ದೇನೆ. ಓದಿದ್ದಾರೆ. ಉತ್ತರ ಬಂದಿಲ್ಲ.

ಮುಂದಿನ ಭಾನುವಾರ ಧ್ಯಾನದ ನಂತರ ಒಂದು ಗಂಟೆ ಹೆಚ್ಚಿಗೆ ಕೂರುತ್ತೇನೆ. ಬಯೋಡೇಟಾ ತಿದ್ದಿಸಬೇಕಾದವರು, ಸಂಬಳ ಬಾಕಿಯ ಪತ್ರ ಬರೆಸಬೇಕಾದವರು ಬನ್ನಿ. ಪೆನ್ನು ನೀವೇ ತನ್ನಿ, ನನ್ನದು ಪ್ರತಿ ವಾರ ಕಳೆದುಹೋಗುತ್ತಿದೆ.