ಸೂರಿನ ನೀರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಮ್ಮವರು ಖರ್ಚಿನ ಪ್ರಸ್ತಾಪ ಬಂದಾಗಲೆಲ್ಲ ಎತ್ತುತ್ತಾರೆ. ಅಂದಾಜುಪಟ್ಟಿಯಲ್ಲಿ ಬರೆದುದು ಒಂದಾದರೆ ಕೊನೆಗೆ ತೆತ್ತುದು ಅದರ ಒಂದೂವರೆಯಷ್ಟು. ಆಚಾರಿ ಹೇಳಿದ ದಿನಕ್ಕೆ ಬಾಗಿಲು ಬಾರದು. ಮೇಸ್ತ್ರಿ ಹೇಳಿದ ತಿಂಗಳಿಗೆ ಗೋಡೆ ಏಳದು. ಇದನ್ನು ಅನುಭವಿಸದವರು ಯಾರು? ಮನೆ ಕಟ್ಟಿಸಿದವರಿಬ್ಬರು ಕೂಡಿದಲ್ಲಿ ಮಾತು ಇದರಲ್ಲಿಯೇ ಮುಗಿದುಹೋಗುತ್ತದೆ. ಆದರೆ ಖರ್ಚಿನ ಈ ಲೆಕ್ಕದೊಳಗೆ ಇನ್ನೊಂದು ಲೆಕ್ಕವೂ ಅಡಗಿರುತ್ತದೆಂಬುದನ್ನು ನಾನು ತಿಳಿದುಕೊಂಡುದು ಬಹಳ ತಡವಾಗಿ. ನಮ್ಮ ಸಂಘದ ಹಿರಿಯ ಮಿತ್ರರೊಬ್ಬರು, "ಅಡಿ, ಅಂಗುಲ, ರೂಪಾಯಿ, ಇವಿಷ್ಟೇ ಇರುವ ಕೆಲಸದಲ್ಲಿ ಧರ್ಮಾಧರ್ಮಗಳ ಜಿಜ್ಞಾಸೆಗೆ ಎಡೆಯೆಲ್ಲಿ?" ಎಂದು ಒಮ್ಮೆ ಕೇಳಿದರು. ಅವರಿಗೆ ಆಗ ಕೊಡಲಾರದೆ ಹೋದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸುತ್ತೇನೆ.

ಮನೆ ಕಟ್ಟುವುದೇ ಬೇಡವೆಂದವರೂ ನಮ್ಮಲ್ಲಿ ಉಂಟು. ಭಾಗವತದ ಏಕಾದಶ ಸ್ಕಂಧದಲ್ಲಿ ಬರುವ ಅವಧೂತನು ತನ್ನ ಇಪ್ಪತ್ತನಾಲ್ಕು ಮಂದಿ ಗುರುಗಳಲ್ಲಿ ಹಾವನ್ನೂ ಎಣಿಸುತ್ತಾನೆ. ಅಸ್ಥಿರನಾದ ಮನುಷ್ಯನು ಮನೆ ಕಟ್ಟಹೊರಡುವುದು ದುಃಖಕ್ಕೇ ಕಾರಣ. ಹಾವಾದರೋ ಪರರು ಕಟ್ಟಿದ ಮನೆಯನ್ನು ಹೊಕ್ಕು ಸುಖವಾಗಿರುತ್ತದೆ ಎಂಬುದು ಅವನ ಅಭಿಪ್ರಾಯ. ಸಂನ್ಯಾಸಿಗೆ ಈ ಮಾತು ಒಪ್ಪುವುದು. ಗೃಹಸ್ಥನಾದ ನನಗೆ ಇದನ್ನು ಓದಿದಾಗಲೆಲ್ಲ ಗೆದ್ದಲಿನ ನೆನಪಾಗುತ್ತದೆ. ಹಾವಿಗೆ ಉಳಿದ ಶ್ರಮವು ಎಲ್ಲಿಗೂ ಹೋಗಲಿಲ್ಲ. ಗೆದ್ದಲಿನ ಪಾಲಿಗೆ ಬಂದಿತು. ಅವಧೂತನಲ್ಲಿ ಅವಿನಯ ತೋರುವುದು ನನ್ನ ಉದ್ದೇಶವಲ್ಲ. ಮನೆ ಕಟ್ಟುವಾಗ "ಉಳಿಯಿತು" ಎಂದು ನಾವು ಹಿಗ್ಗುವ ಪ್ರತಿಯೊಂದು ರೂಪಾಯಿಯ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬೇಕೆಂದು ನನ್ನ ಮತ: ಅದು ನಿಜವಾಗಿ ಉಳಿಯಿತೇ, ಅಥವಾ ಬೇರೊಬ್ಬರ ತಲೆಯ ಮೇಲೆ ಹೋಗಿ ಕುಳಿತಿತೇ?

ನೆಲದಿಂದಲೇ ಮೊದಲುಮಾಡೋಣ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯೆಯ ಅಧ್ಯಾಯದಲ್ಲಿ ನಿವೇಶನವನ್ನು ಪರೀಕ್ಷಿಸುವ ಸುಲಭವಾದ ಕ್ರಮವೊಂದನ್ನು ಹೇಳಿದ್ದಾನೆ. ಒಂದು ಮೊಳದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ಮತ್ತೆ ಅದಕ್ಕೆ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸಮವಾದರೆ ಮಧ್ಯಮ, ಸಾಲದೆ ಹೋದರೆ ಅಧಮ. ಗಟ್ಟಿಯಾಗಿ ಕುಳಿತ ಮಣ್ಣು ಅಗೆದಾಗ ಉಬ್ಬುತ್ತದೆ, ಸಡಿಲವಾದುದು ತಗ್ಗುತ್ತದೆ. ಇಂದಿನ ಇಂಜಿನಿಯರರೂ ತಲೆದೂಗಬಹುದಾದ ಯುಕ್ತಿ ಇದರಲ್ಲಿದೆ. ವಾಸ್ತುವಿನ ಹೆಸರಿನಲ್ಲಿ ಅಡುಗೆಮನೆ ಆಗ್ನೇಯದಲ್ಲಿರಬೇಕೆಂಬುದನ್ನು ನಾವು ಉಳಿಸಿಕೊಂಡೆವು. ಈ ಗುಂಡಿಯನ್ನು ಮರೆತೆವು. ಆ ಅಡುಗೆಮನೆಯ ಬಚ್ಚಲ ನೀರು ಯಾರ ಹಿತ್ತಿಲಿಗೆ ಹರಿಯುವುದೆಂದು ಕೇಳಿದ ವಾಸ್ತುಪಂಡಿತರನ್ನು ನಾನಿನ್ನೂ ಕಂಡಿಲ್ಲ.

ನಮ್ಮ ದಕ್ಷಿಣ ಕನ್ನಡದಲ್ಲಿ ಅಡಿಪಾಯಕ್ಕೆ ಪಂಚಾಂಗವೆನ್ನುತ್ತಾರೆ. ನನ್ನ ಮನೆಯ ಪಂಚಾಂಗವನ್ನು ಅಗೆಯುವಾಗ ಗಟ್ಟಿ ನೆಲ ಸಿಕ್ಕಬೇಕಾದರೆ ಎಣಿಸಿದುದಕ್ಕಿಂತ ಒಂದೂವರೆ ಅಡಿ ಕೆಳಗೆ ಹೋಗಬೇಕಾಯಿತು. ಅಷ್ಟು ಆಳವೂ ಕಲ್ಲು ತುಂಬಿಸಿದೆನು. ಒಂದು ಮಾತೂ ಚೌಕಾಶಿ ಮಾಡಲಿಲ್ಲ. ಇದರಲ್ಲಿ ನನ್ನ ಹೆಚ್ಚುಗಾರಿಕೆಯೇನೂ ಇಲ್ಲ. ಬಿರುಕು ಬಿಡುವುದಾದರೆ ಅದು ನನ್ನ ಗೋಡೆ. ಸ್ವಾರ್ಥವೇ ಕಾವಲಿರುವ ಕಡೆಯಲ್ಲಿ ಧರ್ಮಕ್ಕೆ ಹೆಚ್ಚು ಕೆಲಸವಿರುವುದಿಲ್ಲ.

ಕೆಲಸಗಾರರ ವಿಷಯದಲ್ಲಿ ಹಾಗಲ್ಲ. ಎರಡು ಶೌಚಗೃಹಗಳುಳ್ಳ ಮನೆಯನ್ನು ಕಟ್ಟುತ್ತಿದ್ದವರಿಗೆ ಮೊದಲ ಎರಡು ತಿಂಗಳು ಒಂದೂ ಇರಲಿಲ್ಲ. ಕಲ್ಲು ಹೊರುತ್ತಿದ್ದ ಹೆಂಗಸರಿಬ್ಬರು ಕತ್ತಲಾಗುವವರೆಗೆ ಕಾಯುತ್ತಿದ್ದರೆಂಬುದನ್ನು ನನ್ನ ಪತ್ನಿ ಗಮನಿಸಿ ಹೇಳಿದಳು. ದಿನವೂ ಎರಡು ಸಲ ಅಲ್ಲಿಗೆ ಹೋಗಿಬರುತ್ತಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಕೊನೆಗೆ ತೋಡಬೇಕಾಗಿದ್ದ ಗುಂಡಿಯನ್ನು ಮೊದಲೇ ತೋಡಿಸಿ, ಸುತ್ತ ಮಡಲಿನ ತಟ್ಟಿ ಕಟ್ಟಿಸಿದೆವು. ಕೆಲಸದ ಕ್ರಮ ಬದಲಾಯಿತು, ಅಷ್ಟೆ. ತಟ್ಟಿಯ ಕೂಲಿಯ ಹೊರತು ಒಂದು ಕಾಸೂ ಹೆಚ್ಚಲಿಲ್ಲ.

ಇನ್ನು ಕಲ್ಲು. ಕರಾವಳಿಯ ನಮ್ಮ ಮನೆಗಳು ಹೆಚ್ಚಾಗಿ ಮುರಕಲ್ಲಿನವು. ೧೮೦೦–೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು, ನೆಲದಲ್ಲಿರುವಾಗ ಕಬ್ಬಿಣದ ಹತ್ಯಾರಿಗೆ ಸುಲಭವಾಗಿ ಬಗ್ಗಿ, ಗಾಳಿಗೆ ಬಂದ ಮೇಲೆ ಗಟ್ಟಿಯಾಗುವ ಈ ಕಲ್ಲಿನ ಗುಣವನ್ನು ಕಂಡು ಬೆರಗಾದನು. ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅವನು ಇಟ್ಟ ಲ್ಯಾಟರೈಟ್ ಎಂಬ ಹೆಸರು, ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಿಂದ ಭೂವಿಜ್ಞಾನಕ್ಕೆ ಸಂದಿತು. ನಮ್ಮ ನೆಲಕ್ಕೆ ಇದು ಗೌರವವೇ ಸರಿ. ಆದರೆ ನನ್ನ ಮನೆಗೆ ಬಂದ ಮೂರು ಸಾವಿರಕ್ಕೂ ಮಿಕ್ಕ ಕಲ್ಲುಗಳು ಯಾವುದೋ ಗುಡ್ಡದಲ್ಲಿ ಅಷ್ಟೇ ಅಳತೆಯ ಹೊಂಡವನ್ನು ಬಿಟ್ಟು ಬಂದುವು. ಕೆಲಸ ಮುಗಿದ ಕೋರೆಗಳು ಮಳೆಗಾಲದಲ್ಲಿ ಕೆರೆಗಳಂತೆ ತುಂಬುತ್ತವೆ, ಅನೇಕಕ್ಕೆ ಬೇಲಿಯಿಲ್ಲ, ದನಗಳೂ ಕೆಲವೊಮ್ಮೆ ಮಕ್ಕಳೂ ಅವುಗಳಲ್ಲಿ ಮುಳುಗಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಗಾಂಧಿಯವರು ೧೯೩೭ರಲ್ಲಿ "ಹರಿಜನ" ಪತ್ರಿಕೆಯಲ್ಲಿ ಆದರ್ಶ ಗ್ರಾಮವನ್ನು ವರ್ಣಿಸುತ್ತ, ಅಲ್ಲಿಯ ಮನೆಗಳು ಐದು ಮೈಲಿಯೊಳಗೆ ದೊರೆಯುವ ಸಾಮಗ್ರಿಯಿಂದಲೇ ಆಗಬೇಕೆಂದು ಬರೆದರು. ತಿರುವನಂತಪುರದಲ್ಲಿ ನೆಲಸಿ ೨೦೦೭ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರರು ಈ ಮಾತನ್ನು ತಮ್ಮ ವೃತ್ತಿಯ ಸೂತ್ರವನ್ನಾಗಿ ಹಿಡಿದರು. ಇದು ಮಿತವ್ಯಯದ ಉಪದೇಶವೆಂದೇ ನಾನು ಬಹುಕಾಲ ತಿಳಿದಿದ್ದೆನು. ಈಗ ಬೇರೊಂದು ಅರ್ಥವೂ ಹೊಳೆಯುತ್ತದೆ. ಐದು ಮೈಲಿಯೊಳಗೆ ಹೊಂಡ ತೋಡಿದರೆ ನಾವು ಅದರ ಪಕ್ಕದಲ್ಲಿ ನಡೆದುಹೋಗಬೇಕಾಗುತ್ತದೆ. ನನ್ನ ಕಲ್ಲು ಬಂದ ಕೋರೆಯನ್ನು ನಾನು ಇಂದಿಗೂ ನೋಡಿಲ್ಲ.

ಈಗ ಸೂರಿನ ವಿಷಯ. ಇದನ್ನು ಬರೆಯುವುದಕ್ಕಾಗಿಯೇ ಲೇಖನಿ ಹಿಡಿದವನು ಇಷ್ಟು ಹೊತ್ತು ಸುತ್ತಿ ಬಳಸಿ ಬಂದುದಕ್ಕೆ ವಾಚಕರು ಕ್ಷಮಿಸಬೇಕು.

ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರು ಮಳೆ ಸಾಮಾನ್ಯ. ಹಿಂದಿನ ಹುಲ್ಲಿನ ಮಾಡು ಈ ನೀರನ್ನು ತಡೆತಡೆದು ಬಿಡುತ್ತಿತ್ತು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕ್ರಮವಾಗಿ ಊರೂರಿಗೂ ಹಂಚು ಬಂದಿತು; ಹಂಚು ನೀರನ್ನು ತಡೆಯುವುದಿಲ್ಲ, ಬಿದ್ದಂತೆಯೇ ಕೆಳಕ್ಕೆ ಸುರಿಯುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲ್ಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನನ್ನ ಮನೆಯ ಮಾಡಿನ ತೆಂಕಣ ಇಳುಕಲು ಸುಮಾರು ೬೦ ಚದರ ಮೀಟರು ನೆಲವನ್ನು ಮುಚ್ಚುತ್ತದೆ. ಹಾಗಾದರೆ ಆ ಒಂದು ಪಾರ್ಶ್ವದಿಂದಲೇ ವರ್ಷಕ್ಕೆ ೨,೧೦,೦೦೦ ಲೀಟರು ನೀರು ಇಳಿಯುತ್ತದೆ. ಅದರಲ್ಲಿ ಬಹುಭಾಗ ಜೂನ್ ಮೊದಲಾಗಿ ಸೆಪ್ಟೆಂಬರಿನೊಳಗೆ. ಇಂಥ ಲೆಕ್ಕಗಳನ್ನು ಶಾಲೆಯಲ್ಲಿ ಹುಡುಗರಿಂದ ಎಷ್ಟೋ ಸಲ ಮಾಡಿಸಿದ್ದೆನು. ನನ್ನ ಮನೆಯ ನಕ್ಷೆಯ ಮೇಲೆ ಮಾಡಿ ನೋಡಲಿಲ್ಲ.

ತೆಂಕಣ ಸೂರಿನಿಂದ ಮೂರಡಿ ಆಚೆಗೆ ಬೇಲಿ. ಬೇಲಿಯಾಚೆಗೆ, ಎರಡಡಿ ತಗ್ಗಿನಲ್ಲಿ, ಮಣ್ಣಿನ ಗೋಡೆಯ ಒಂದು ಚಿಕ್ಕ ಮನೆ. ಅಲ್ಲಿರುವವರು ಒಬ್ಬ ವಿಧವೆ. ಬೀಡಿ ಕಟ್ಟಿ ಜೀವಿಸುವವರು. ವಯಸ್ಸಿನಲ್ಲಿ ನನಗಿಂತ ಹಿರಿಯರಾದುದರಿಂದ ಅಕ್ಕ ಎಂದು ಕರೆಯುತ್ತೇನೆ. ಆ ಪಾರ್ಶ್ವದ ಸೂರಿಗೆ ತಗಡಿನ ದಂಬೆ, ನೀರಿಳಿಯಲು ಕೊಳವೆ, ಅಂಗಳದಲ್ಲಿ ಇಂಗುಗುಂಡಿ, ಇವಕ್ಕೆಂದು ಅಂದಾಜುಪಟ್ಟಿಯಲ್ಲಿ ೧೮,೦೦೦ ರೂಪಾಯಿ ಬರೆದಿತ್ತು. ಅದು ೨೦೧೧ರ ಏಪ್ರಿಲ್ ತಿಂಗಳು. ಕೈಯಲ್ಲಿದ್ದ ಹಣ ಮುಗಿಯುತ್ತ ಬಂದಿತ್ತು. ಗೃಹಪ್ರವೇಶದ ಮುಹೂರ್ತ ನಿಶ್ಚಯವಾಗಿತ್ತು. ಜಗಲಿಗೆ ನುಣುಪಾದ ಕಪ್ಪು ಕಲ್ಲು ಹಾಸಬೇಕೆಂಬುದು ಮನೆಯವರೆಲ್ಲರ ಆಸೆ. "ತೆಂಕು ಬದಿಗೆ ದಂಬೆ ಬೇಡವೇ ಮಾಸ್ಟ್ರೇ?" ಎಂದು ಮೇಸ್ತ್ರಿ ಕೇಳಿದನು. "ಬರುವ ವರ್ಷ ನೋಡೋಣ" ಎಂದೆನು. ಮನೆ ಕಟ್ಟಿಸುವವನ ಬಾಯಲ್ಲಿ ಬರುವ ವರ್ಷವೆಂದರೆ ಏನರ್ಥವೆಂಬುದು ಮೇಸ್ತ್ರಿಗಳಿಗೆಲ್ಲ ಗೊತ್ತು. ಜಗಲಿಗೆ ಕಪ್ಪು ಕಲ್ಲು ಬಂದಿತು. ಗೃಹಪ್ರವೇಶದ ದಿನ ಅಕ್ಕ ಬಂದು ಆ ಕಲ್ಲನ್ನು ಅಂಗೈಯಿಂದ ಸವರಿ, "ಎಷ್ಟು ಚಂದ ಉಂಟು!" ಎಂದರು.

೨೦೧೩ರ ಜುಲೈಯಲ್ಲಿ, ಬಿಡದೆ ಸುರಿದ ಒಂದು ವಾರದ ಕೊನೆಗೆ, ಅವರ ಅಡುಗೆಮನೆಯ ಗೋಡೆ ರಾತ್ರಿಯಲ್ಲಿ ಕುಸಿಯಿತು. ದೈವಕೃಪೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. ಬೆಳಗ್ಗೆ ಹೋಗಿ ನೋಡಿದೆನು. ನನ್ನ ಸೂರಿನಡಿಯ ಮಣ್ಣು ಚರಂಡಿಯಂತೆ ಕೊರೆದುಹೋಗಿ, ಬೇಲಿಯ ಬುಡದಲ್ಲಿ ನುಸುಳಿದ ನೀರು ನೇರವಾಗಿ ಆ ಗೋಡೆಯ ಬುಡವನ್ನು ಸೇರಿದ್ದುದು ಯಾರಿಗೂ ಕಾಣುವಂತಿತ್ತು. ಅಕ್ಕ ನನ್ನನ್ನು ಕಂಡು, "ಮಳೆಗೆ ಬಿತ್ತು ಮಾಸ್ಟ್ರೇ. ಹಳೇ ಗೋಡೆ" ಎಂದರು.

ಮಳೆಗಲ್ಲ, ನನ್ನ ಮಾಡಿನ ನೀರಿಗೆ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಮಧ್ಯಾಹ್ನ ೧೫,೦೦೦ ರೂಪಾಯಿಗಳನ್ನು ಒಯ್ದು, "ಗೋಡೆ ಕಟ್ಟಿಸಿಕೊಳ್ಳಿ ಅಕ್ಕ. ನೆರೆಯವರಾಗಿ ಇಷ್ಟೂ ಮಾಡದಿದ್ದರೆ ಹೇಗೆ?" ಎಂದು ಕೊಟ್ಟೆನು. ಅವರ ಕಣ್ಣು ಒದ್ದೆಯಾಯಿತು. ವಾರದೊಳಗೆ ಸುದ್ದಿ ಹಬ್ಬಿತು. ಅಂಗಡಿಯಲ್ಲಿ ಒಬ್ಬರು, "ಸಿಕ್ಕಿದರೆ ನಿಮ್ಮಂಥ ನೆರೆ ಸಿಕ್ಕಬೇಕು" ಎಂದರು. ತೀರಿಸಬೇಕಾದ ಋಣವನ್ನು ದಾನವೆಂದು ಕೊಟ್ಟು, ಮೇಲೆ ಹೊಗಳಿಕೆಯನ್ನೂ ಸಂಪಾದಿಸಿದೆನು. ಗೋಡೆ ಬಿದ್ದುದರಲ್ಲಿ ನನ್ನ ಅಲಕ್ಷ್ಯವಿತ್ತು. ಹಣ ಕೊಟ್ಟ ರೀತಿಯಲ್ಲಿ ಕಪಟವಿತ್ತು. ಎರಡನೆಯದೇ ಹೆಚ್ಚಿನ ತಪ್ಪೆಂದು ನಾನು ಎಣಿಸುತ್ತೇನೆ. ಮೊದಲನೆಯದರಿಂದ ಅವರು ಕಳೆದುಕೊಂಡುದು ಒಂದು ಗೋಡೆ. ಎರಡನೆಯದರಿಂದ, ನ್ಯಾಯವಾಗಿ ಕೇಳಿ ಪಡೆಯಬಹುದಾಗಿದ್ದುದಕ್ಕೆ ಅವರು ಕೃತಜ್ಞರಾಗಿರಬೇಕಾಯಿತು.

ಆ ದಿನಗಳಲ್ಲಿ ವಕೀಲ ಮಿತ್ರರೊಬ್ಬರೊಡನೆ, ಬೇರೆ ಯಾರದೋ ಕಥೆಯೆಂಬಂತೆ ಈ ಪ್ರಸಂಗವನ್ನು ಹೇಳಿದೆನು. ೧೮೮೨ರ ಈಸ್‌ಮೆಂಟ್ಸ್ ಆಕ್ಟು ಮೊದಲಲ್ಲಿ ಜಾರಿಗೆ ಬಂದುದೇ ನಮ್ಮ ಜಿಲ್ಲೆ ಸೇರಿದ್ದ ಮದ್ರಾಸು ಪ್ರಾಂತದಲ್ಲಿಯೂ ಮಧ್ಯಪ್ರಾಂತ ಹಾಗೂ ಕೊಡಗಿನಲ್ಲಿಯೂ. ಒಬ್ಬನು ಇನ್ನೊಬ್ಬನ ನೆಲದ ಮೇಲೆ ನೀರು ಬಿಡುವಂಥ ಸೌಕರ್ಯವನ್ನು ಇಪ್ಪತ್ತು ವರ್ಷ ಬಹಿರಂಗವಾಗಿ, ತಂಟೆಯಿಲ್ಲದೆ, ಎಡೆಬಿಡದೆ, ತನ್ನ ಹಕ್ಕೆಂಬಂತೆ ಅನುಭವಿಸಿದರೆ ಅದು ಹಕ್ಕೇ ಆಗಬಹುದೆಂದು ಅದರ ವಿಧಿ. ಅವರು ವಿವರಿಸಿದ ಇನ್ನೊಂದು ಸೂಕ್ಷ್ಮ ನನ್ನ ಮನಸ್ಸಿನಲ್ಲಿ ನಿಂತಿತು. ನೆರೆಯವನು "ಬೀಳಲಿ ಬಿಡಿ" ಎಂದು ಒಪ್ಪಿಗೆ ಕೊಟ್ಟಿದ್ದರೆ ಎಷ್ಟು ವರ್ಷ ಕಳೆದರೂ ಹಕ್ಕು ಹುಟ್ಟುವುದಿಲ್ಲ. ಒಪ್ಪಿಗೆಯಿಂದ ಅನುಭವಿಸಿದುದು ಒಪ್ಪಿಗೆಯಾಗಿಯೇ ಉಳಿಯುತ್ತದೆ. ಒಪ್ಪದೆ, ಎದುರಾಡದೆ, ಸುಮ್ಮನೆ ಸಹಿಸಿದರೆ ಹುಟ್ಟುತ್ತದೆ. ಶಾಸನವನ್ನು ನಾನು ದೂಷಿಸಲಾರೆ. ಬಹುಕಾಲದಿಂದ ನಡೆದುಬಂದುದನ್ನು ಯಾರೋ ಬಂದು ಕಲಕದಂತೆ ಕಾಯಬೇಕಾದರೆ ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು. ಆದರೆ ಕೋರ್ಟಿನ ಮೆಟ್ಟಿಲು ಹತ್ತಬಲ್ಲವನ ಮೌನವೂ ಅಕ್ಕನ ಮೌನವೂ ಒಂದೇ ಆದೀತೇ? ಮಾರ್ಚ್ ಕಳೆದರೆ ಅವರು ನಮ್ಮ ಬಾವಿಯ ನೀರು ಒಯ್ಯುತ್ತಿದ್ದರು. ಅವರ ಮೊಮ್ಮಗ ಸಂಜೆ ನನ್ನಲ್ಲಿ ಪುಕ್ಕಟೆ ಪಾಠಕ್ಕೆ ಬರುತ್ತಿದ್ದನು. ಇವನ್ನೆಲ್ಲ ನಾನು ಪುಣ್ಯದ ಲೆಕ್ಕದಲ್ಲಿ ಬರೆದುಕೊಂಡಿದ್ದೆನು. ಆ ಉಪಕಾರಗಳೇ ಅವರ ಬಾಯಿ ಕಟ್ಟಿದ್ದುವು. ೨೦೩೧ರವರೆಗೆ ಅವರು ಹಾಗೆಯೇ ಇದ್ದಿದ್ದರೆ, ನನ್ನ ಸೂರಿನ ನೀರಿಗೆ ಅವರ ಅಂಗಳದಲ್ಲಿ ಹಕ್ಕಿದೆಯೆಂದು ನಾನು ವಾದಿಸಬಹುದಾಗಿತ್ತು.

೨೦೧೪ರ ಮೇ ತಿಂಗಳಲ್ಲಿ ದಂಬೆ ಹಾಕಿಸಿ, ನೀರನ್ನು ನಮ್ಮ ಬಾವಿಯ ಬಳಿಯ ಇಂಗುಗುಂಡಿಗೆ ಇಳಿಸಿದೆನು. ೧೮,೦೦೦ದ ಕೆಲಸಕ್ಕೆ ೨೬,೦೦೦ ಹಿಡಿಯಿತು. ಬೆಂಗ��ೂರಿನಲ್ಲಿ ೨೦೦೯ರ ತಿದ್ದುಪಡಿಯಿಂದ ಗೊತ್ತಾದ ಅಳತೆಯ ನಿವೇಶನಗಳಲ್ಲಿ ಮಳೆನೀರಿನ ಸಂಗ್ರಹ ಕಡ್ಡಾಯವಾಗಿದ್ದಿತು. ನೋಡಲು ಬಂದ ಬಂಧುಗಳು ನಾನೂ ಜಲಸಂರಕ್ಷಣೆಗೆ ತೊಡಗಿದೆನೆಂದು ಮತ್ತೆ ಹೊಗಳಿದರು. ಈ ಸಲ ನನಗೆ ಅದು ಸಹ್ಯವಾಗಲಿಲ್ಲ. ಆ ಸಂಜೆಯೇ ಬೇಲಿ ದಾಟಿ ಹೋದೆನು.

"ಅಕ್ಕ, ಆ ಹದಿನೈದು ಸಾವಿರ ನಾನು ಮಾಡಿದ ಸಹಾಯವಲ್ಲ. ನಿಮ್ಮ ಗೋಡೆ ಬಿದ್ದದ್ದು ನನ್ನ ಮಾಡಿನ ನೀರಿಗೆ."

ಅವರು ಬೀಡಿಯ ಎಲೆಗಳಿದ್ದ ಗೆರಸೆಯನ್ನು ತೊಡೆಯಿಂದ ಇಳಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ಗೊತ್ತಿತ್ತು ಮಾಸ್ಟ್ರೇ. ನೀವು ಮಾಡು ಹಾಕುವಾಗಲೇ ಮೇಸ್ತ್ರಿಯ ಹತ್ತಿರ ಹೇಳಿದ್ದೆ" ಎಂದರು.

ದಂಬೆ ಬೇಡವೇ ಎಂದು ಅಂದು ಕೇಳಿದುದು ಮೇಸ್ತ್ರಿಯ ಪ್ರಶ್ನೆಯಾಗಿರಲಿಲ್ಲ. "ನನ್ನ ಹತ್ತಿರವೇ ಏಕೆ ಹೇಳಲಿಲ್ಲ?" ಎಂದು ಕೇಳಿದೆನು. "ಹೊಸ ಮನೆ ಕಟ್ಟಿಸುವವರಿಗೆ ಹೇಗೆ ಹೇಳುವುದು? ಸಂತೋಷದಲ್ಲಿ ಇದ್ದಿರಿ" ಎಂದರು.

ಆ ಹಣವನ್ನು ಋಣವೆಂದು ಅವರು ಒಪ್ಪಿಕೊಂಡರೋ ಇಲ್ಲವೋ ನನಗೆ ಸ್ಪಷ್ಟವಾಗಲಿಲ್ಲ. ಒಮ್ಮೆ ಸಹಾಯವೆಂದು ಕೊಟ್ಟುದನ್ನು ಹೆಸರು ಬದಲಾಯಿಸಿ ಮತ್ತೆ ಕೊಡುವುದು ಅಷ್ಟು ಸುಲಭವಲ್ಲ. ಅಂಗಡಿಯಲ್ಲಿ ಹೊಗಳಿದವರಿಗೆ ನಾನು ನಿಜವನ್ನು ಹೇಳಿದುದು ಇನ್ನೂ ಒಂದು ವರ್ಷದ ಮೇಲೆ. ಅವರು ನಕ್ಕು, "ದೊಡ್ಡ ಮನಸ್ಸು ನಿಮ್ಮದು" ಎಂದುಬಿಟ್ಟರು.

ಕಳೆದ ಮಳೆಗಾಲದಲ್ಲಿ ದಂಬೆಯ ಒಂದು ಕೂಡು ಬಿಟ್ಟು ನೀರು ಮತ್ತೆ ಬೇಲಿಯ ಕಡೆಗೆ ಸುರಿಯತೊಡಗಿತು. ನಾನು ಗಮನಿಸಿರಲಿಲ್ಲ. ಅಕ್ಕ ಮಳೆಯಲ್ಲಿಯೇ ಕೊಡೆ ಹಿಡಿದು ಬೇಲಿಯ ಬಳಿಗೆ ಬಂದು, "ಮಾಸ್ಟ್ರೇ, ನಿಮ್ಮ ನೀರು ಇಲ್ಲಿ ಬೀಳುತ್ತದೆ, ಬೇಗ ಸರಿಮಾಡಿಸಿ" ಎಂದು ಸ್ವಲ್ಪ ಗಟ್ಟಿಯಾಗಿಯೇ ಕೂಗಿ ಹೇಳಿದರು. ಮರುದಿನವೇ ಸರಿಮಾಡಿಸಿದೆನು.